ಯೇಸುವನ್ನು ಅವನ ಜನರ ನಡುವೆ ನಿಲ್ಲಿಸಿದ ಕೈಗಳು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಲಾಂಡ್ರಿಯ ಗಾಜಿನ ಬಾಗಿಲ ಮುಂದೆ ಮಹಿಳೆಯೊಬ್ಬರು ತಮ್ಮ ಪ್ರತಿಬಿಂಬದೊಡನೆಯೇ ಜಗಳಕ್ಕೆ ಬಿದ್ದಂತೆ ಕೈಯಾಡಿಸುತ್ತಿದ್ದಾರೆ. ಬೀದಿ ಗುಡಿಸುವಾಕೆ ಪೊರಕೆ ನಿಲ್ಲಿಸಿ, "ಬೆಳಿಗ್ಗೆ ಬೆಳಿಗ್ಗೆ ಯಾರನ್ನಮ್ಮ ಬೈತಿದ್ದೀಯ?" ಎನ್ನುತ್ತಾಳೆ.

"ಯಾರನ್ನೂ ಬೈಬಾರದು ಅಂತಾನೇ ಅಭ್ಯಾಸ ಮಾಡ್ತಿದ್ದೀನಿ ಕಣೆ," ಎಂದು ಇವರು ನಗುತ್ತಾರೆ.

ವಾರವೆಲ್ಲ ಇಲ್ಲಿ ಇಸ್ತ್ರಿ ಹಾಕುವ ಈಕೆ, ಚರ್ಚಿನಲ್ಲಿ ಪಾದ್ರಿ ಓದುವ ಬೈಬಲ್ಲನ್ನು ಕಿವಿ ಕೇಳದವರಿಗೆ ಸನ್ನೆ ಭಾಷೆಯಲ್ಲಿ ಹೇಳುತ್ತಾರೆ. ಇಪ್ಪತ್ತು ವರ್ಷವಾಯಿತು. ಎದುರಿಗಿರುವುದು ಒಂಬತ್ತೇ ಜನ. ಉಳಿದ ಸಭೆಗೆ ಈಕೆ ಕಂಬದ ಪಕ್ಕ ನಿಲ್ಲುವ ಯಾರೋ ಒಬ್ಬರು. ಆ ಒಂಬತ್ತರಲ್ಲಿ ಒಬ್ಬರು ಇವರ ತಾಯಿ, ಹುಟ್ಟಿನಿಂದ ಕಿವಿ ಕೇಳದು. "ನಂಗೆ ಬಾಯಿಗಿಂತ ಮೊದಲು ಕೈಗೇ ಮಾತು ಬಂದಿದ್ದು," ಎನ್ನುತ್ತಾರೆ.

ಸನ್ನೆಯಲ್ಲಿ ಕಥೆ ಹೇಳುವಾಗ ಪ್ರತಿಯೊಬ್ಬರಿಗೂ ಗಾಳಿಯಲ್ಲೊಂದು ಜಾಗ ಗೊತ್ತುಮಾಡಬೇಕು. ಗುಡ್ ಫ್ರೈಡೇಗೆ ಬೈಬಲ್ಲಿನಿಂದ ಯೇಸುವಿನ ಮರಣದ ಪಾಠ ಓದುವಾಗ ಇವರು ಯೇಸು, ಅವನ ತಾಯಿ, ಶಿಷ್ಯರನ್ನು ಬಲಕ್ಕೆ ಇಡುತ್ತಿದ್ದರು. 'ಯೆಹೂದ್ಯರು' ಎಂದೊಡನೆ ಎಡಕ್ಕೆ ಕೈ ಹೋಗುತ್ತಿತ್ತು, ಹುಬ್ಬೂ ಗಂಟಿಕ್ಕುತ್ತಿತ್ತು. ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಬರೀ ರೂಢಿ.

ಮೂರು ವರ್ಷದ ಹಿಂದೆ ಅಂಥದೊಂದು ಪಾಠ ಮುಗಿದ ಸಂಜೆ, ಕಿವುಡರ ಸಂಘದಲ್ಲಿ ತಾಯಿ ತನ್ನ ಹಳೆಯ ಗೆಳೆಯನನ್ನು ಕಂಡು ಮುಖ ತಿರುಗಿಸಿಬಿಟ್ಟರು. ಆತ ಚಪ್ಪಲಿ ಹೊಲಿಯುವವರು, ಯೆಹೂದ್ಯರು, ಅವರಿಗೂ ಕಿವಿ ಕೇಳದು. ಕೈಯಲ್ಲೇ ಮಾತಾಡುವವರು ಕಣ್ಣು ತಪ್ಪಿಸಿದರೆ ಮಾತು ಬಿಟ್ಟಂತೆಯೇ. ಮಗಳು ಯಾಕೆಂದು ಕೇಳಿದರೆ ತಾಯಿಯ ಕೈ ಹೇಳಿತು: "ಆ ಕಡೆಯವರೇ ಅಲ್ವಾ ಯೇಸುನ ಕೊಲ್ಲಿಸಿದ್ದು? ನೀನೇ ತೋರಿಸ್ದೆ."

"ಯೇಸುನೂ ಯೆಹೂದ್ಯನೇ ಅಮ್ಮ."

"ಹಂಗಿದ್ರೆ ಈ ಕಡೆಗೆ ಯಾವಾಗ ಬಂದ?"

ಮಗಳಿಗೆ ಆಗ ಹೊಳೆಯಿತು. ಇಷ್ಟು ವರ್ಷ ತನ್ನ ಕೈಯೇ ಸುಳ್ಳು ಹೇಳಿತ್ತು.

ಪಾದ್ರಿಯ ಬಳಿ ಓಡಿದರು. "ಅದನ್ನ ನಾನು ಉಪದೇಶದಲ್ಲಿ ಬಿಡಿಸಿ ಹೇಳ್ತೀನಲ್ಲಮ್ಮ," ಎಂದರು ಅವರು. "ಫಾದರ್, ನಿಮ್ಮ ಉಪದೇಶ ಬರೋಷ್ಟ್ರಲ್ಲಿ ನನ್ನ ಕೈ ಬೆಂಕಿ ಹಚ್ಚಿ ಆಗಿರುತ್ತೆ." ಪಾದ್ರಿ ನಕ್ಕರು, ಆಮೇಲೆ ಕುರ್ಚಿ ಎಳೆದುಕೊಂಡು ಜೊತೆಗೆ ಕೂತು ಪಾಠವನ್ನು ಒಂದೊಂದೇ ಸಾಲಾಗಿ ಓದಿದರು.

ಈಗ ಇವರ ಸನ್ನೆಯಲ್ಲಿ ಯೇಸು, ಅವನ ತಾಯಿ, ಶಿಷ್ಯರು, ಪುರೋಹಿತರು, ಅತ್ತವರು, 'ಶಿಲುಬೆಗೇರಿಸಿ' ಎಂದು ಕೂಗಿದವರು ಎಲ್ಲರೂ ನಡುವೆ ಒಂದೇ ಜಾಗದಲ್ಲಿ. ಕೂಗಿದವರು ಅಲ್ಲಿ ನೆರೆದಿದ್ದ ಒಂದಷ್ಟು ಮಂದಿ, ಇಡೀ ಜನಾಂಗವಲ್ಲ. ಶಿಲುಬೆಗೆ ಒಪ್ಪಿಸಿದ ರೋಮನ್ ಅಧಿಕಾರಿ, ಅವನ ಸೈನಿಕರು ಬೇರೆ ಕಡೆ. "ಪಾಠದಲ್ಲಿ ಒಂದಕ್ಷರಾನೂ ಬಿಟ್ಟಿಲ್ಲ. ಒಂದೇ ಮನೆಯವರ ಜಗಳ ಅಂತ ಕಾಣೋ ಹಾಗೆ ಹೇಳ್ತೀನಿ, ಅಷ್ಟೇ."

ತಾಯಿ ಚಪ್ಪಲಿ ಅಂಗಡಿಗೆ ಹೋಗಿ ತಪ್ಪಾಯಿತೆಂದಾಗ ಗೆಳೆಯನ ಕೈ ಚುರುಕಾಯಿತು: "ಆ ಜಗಳ ಆದಾಗ ನಾನು ಊರಲ್ಲೇ ಇರ್ಲಿಲ್ಲ ಕಣವ್ವ!" ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಆದರೆ ಅವರೇ ಇನ್ನೊಂದು ಮಾತೂ ಹೇಳಿದರು. ಅವರ ಚಿಕ್ಕಂದಿನಲ್ಲಿ ಈ ಪಾಠದ ದಿನ ಅಜ್ಜಿ ಮಕ್ಕಳನ್ನೆಲ್ಲ ಒಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಪಾಠ ಕೇಳಿ ಚರ್ಚಿನಿಂದ ಹೊರಬಂದವರು ಯೆಹೂದ್ಯರ ಮೇಲೆ ಎಸೆಯಲು ಕಲ್ಲು ಹಿಡಿಯುತ್ತಿದ್ದರು.

ಆ ಅಜ್ಜಿಯ ಮೊಮ್ಮಗ, ಈ ಚಪ್ಪಲಿ ಹೊಲಿಯುವ ಗೆಳೆಯ, ಇವತ್ತು ಅದೇ ಪಾಠದ ದಿನ ಮೊದಲ ಬಾರಿಗೆ ಚರ್ಚಿಗೆ ಬಂದು ತಾಯಿಯ ಪಕ್ಕ ಕೂರಲಿದ್ದಾರೆ. ಬೆಳಗಿನ ಈ ಅಭ್ಯಾಸ ಅದಕ್ಕಾಗಿ. ಭಯವಿಲ್ಲವೇ ಎಂದರೆ ಈಕೆ ಕೈ ಒರೆಸಿಕೊಳ್ಳುತ್ತಾ, ಖುಷಿಯಿಂದಲೇ ಹೇಳುತ್ತಾರೆ:

"ನಾನು ಪಾಠ ಪೂರ್ತಿ ಹೇಳ್ಬೇಕು, ಅವ್ರು ಪೂರ್ತಿ ನೋಡ್ಬೇಕು. ಆಮೇಲೆ ಎಲ್ಲರ ಜೊತೆ ಹೊರಗೆ ಬಂದು, ಬೀದೀಲಿ ನಿಧಾನಕ್ಕೆ ನಡ್ಕೊಂಡು ಮನೆಗೆ ಹೋಗ್ಬೇಕು. ಅಷ್ಟೇ ನನ್ನಾಸೆ."