ಎರಡನೇ ಸಲ ಕುಲುಕೂದಿಲ್ಲ

ಅಕ್ಕೋರ ಕುತ್ತಿಗೆಗೆ ಅಡ್ಡವಾಗಿ ಬೆರಳುದ್ದದ ಕಲೆ ಇತ್ತು. ಗಂಟಲಿನ ಗಡ್ಡೆ ತೆಗೆಯಲು ಹುಬ್ಬಳ್ಳಿಯಲ್ಲಿ ಕೊಯ್ದದ್ದು. ಬೇರೆ ಯಾರಾದರೂ ಆಗಿದ್ದರೆ ಸೆರಗು ಸುತ್ತಿ ಮುಚ್ಚಿಕೊಳ್ಳುತ್ತಿದ್ದರು. ಇವರು ಸೆರಗನ್ನು ಭುಜಕ್ಕೆ ಪಿನ್ನು ಹಾಕಿ ಬಿಗಿದು, ಕತ್ತೆತ್ತಿಕೊಂಡು ಇಗರ್ಜಿಯ ನಡುದಾರಿಯಲ್ಲೇ ಬರುತ್ತಿದ್ದರು. ನೋಡುವವರು ನೋಡಲಿ, ಕಣ್ಣು ಅವರದು, ಎಂದು ಒಮ್ಮೆ ನನಗೆ ಹೇಳಿದ್ದರು.

ಗಡ್ಡೆಯ ಜೊತೆ ಸ್ವರವೂ ಹೋಗಿತ್ತು. ಮೇಲಿನದು ಪೂರ್ತಿ ಬಿದ್ದುಹೋಗಿ, ಕೆಳಗಿನದು ಗರಗಸ ಎಳೆದ ಹಾಗೆ ಬರುತ್ತಿತ್ತು. ಹಾಡು ಕಲಿಸುವವರಿಗೇ ಹೀಗಾದರೆ ಹೇಗೆ? ಇನ್ನು ಅಕ್ಕೋರು ಗಾಯನ ಬಿಟ್ಟು ಜಪಸರ ಹಿಡಿದು ಕೂರುತ್ತಾರೆ ಎಂದು ಊರಿಗೆ ಊರೇ ತೀರ್ಮಾನಿಸಿತ್ತು. ಊರಿಗೇನು, ತೀರ್ಮಾನಕ್ಕೆ ದುಡ್ಡು ಕೊಡಬೇಕೇ!

ಅವರು ಹೆಗ್ಗರಣೆ ಕಡೆ ಶಾಲೆಯಲ್ಲಿ ಕಲಿಸಿ, ನಿವೃತ್ತರಾಗಿ, ಯಲ್ಲಾಪುರದ ಒಳಗಿನ ನಮ್ಮ ಊರಿಗೆ ಬಂದವರು. ಸಣ್ಣ ಇಗರ್ಜಿ ನಮ್ಮದು. ಅಲ್ಲಿ ಹಾಡುವವರ ಗುಂಪು ಕಟ್ಟಿದವರು ಅವರೇ. ನಾನು ಪೇಟೆಯ ಟೇಲರ್ ಅಂಗಡಿಯಲ್ಲಿ ಕಾಜಾ ಮಾಡಿ ಗುಂಡಿ ಹಚ್ಚುವವಳು, ಜಾತಿಯಲ್ಲಿ ಸಿದ್ದಿ. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಹಾಡುತ್ತಿದ್ದೆ. ಪೂಜೆ ಮುಗಿದ ಮೇಲೆ ಅಕ್ಕೋರು ಹುಡುಕಿಕೊಂಡು ಬಂದು, "ಇಷ್ಟು ದೊಡ್ಡ ಗಂಟಲು ಇಟ್ಕೊಂಡು ಹಿಂದೆ ಎಂತ ಮಾಡ್ತೀ ಮಾರಾಯ್ತಿ?" ಎಂದು ಗದರಿ ಮುಂದೆ ಎಳೆದುಕೊಂಡು ಹೋದರು.

ಅವರ ಗುಂಪಿನಲ್ಲಿ ಒಂದು ಕ್ರಮ ಇತ್ತು. ಭಾನುವಾರದ ಪೂಜೆಯಲ್ಲಿ ಬೈಬಲಿನ ಮೊದಲ ವಾಚನ ಆದ ಮೇಲೆ ಕೀರ್ತನೆ. ಒಬ್ಬರು ಮೈಕಿನ ಮುಂದೆ ನಿಂತು ಚರಣ ಹಾಡಬೇಕು, ಜನರೆಲ್ಲ ಪಲ್ಲವಿ ಹೇಳಬೇಕು. ಆ ಒಬ್ಬರು ಯಾರು ಎನ್ನುವುದನ್ನು ಅಕ್ಕೋರು ಹೇಳುತ್ತಿರಲಿಲ್ಲ, ಅವರ ಹಿತ್ತಾಳೆ ಚೊಂಬು ಹೇಳುತ್ತಿತ್ತು. ಪ್ರತಿಯೊಬ್ಬರದೂ ಒಂದೊಂದು ಗುರುತು ಅದರೊಳಗೆ. ನನ್ನದು ಕೋಟಿನ ನೀಲಿ ಗುಂಡಿ. ಅಕ್ಕೋರದು ಹರಿದ ಜಪಸರದ ಮರದ ಮಣಿ. ಶನಿವಾರ ಅಭ್ಯಾಸ ಮುಗಿದ ಮೇಲೆ ಚೊಂಬನ್ನು ಬಗ್ಗಿಸಿ ಕುಲುಕುವುದು, ಮೊದಲು ಬಿದ್ದ ಗುರುತು ಯಾರದೋ ನಾಳೆ ಅವರ ಪಾಳಿ.

ಇದು ನನ್ನ ಮನೆಯ ಕಾನೂನಲ್ಲ, ಎನ್ನುತ್ತಿದ್ದರು ಅಕ್ಕೋರು. ದಾವೀದ ಅರಸ ದೇವರ ಸನ್ನಿಧಿಯಲ್ಲಿ ಹಾಡುವುದಕ್ಕೆಂದೇ ಕೆಲವು ಮನೆತನಗಳನ್ನು ನೇಮಿಸಿದ್ದನಂತೆ. ಕಿನ್ನರಿ, ತಾಳ ಹಿಡಿದವರು, ಅದನ್ನೇ ಬದುಕು ಮಾಡಿಕೊಂಡವರು. ಅವರೊಳಗೆ ಯಾರ ಪಾಳಿ ಯಾವಾಗ ಎಂದು ತಿಳಿಯಲು ಚೀಟು ಹಾಕುತ್ತಿದ್ದರಂತೆ. ದೊಡ್ಡವ ಸಣ್ಣವ ಇಲ್ಲ, ಕಲಿಸುವವ ಕಲಿಯುವವ ಇಲ್ಲ. ಮುಂದೆ ಯಾವುದೋ ಕಾಲದಲ್ಲಿ ಜನ ಅವರಿಗೆ ಸಲ್ಲಬೇಕಾದ ಪಾಲು ಕೊಡದೇ ಹೋದಾಗ, ಜೆರುಸಲೇಮಿನ ಆ ಗಾಯಕರು ದೇವಾಲಯ ಬಿಟ್ಟು ತಮ್ಮ ತಮ್ಮ ಹೊಲಕ್ಕೆ ಹೋಗಿಬಿಟ್ಟರಂತೆ. ಇದನ್ನು ಹೇಳುವಾಗ ಅಕ್ಕೋರ ಮುಖ ನೋಡಬೇಕಿತ್ತು, ತಾನೇ ಅವರನ್ನು ಎಬ್ಬಿಸಿಕೊಂಡು ಹೋದ ಹಾಗೆ ಖುಷಿ.

ಆಪರೇಷನ್ ಆದ ಮೇಲೂ ಮರದ ಮಣಿ ಚೊಂಬಿನಲ್ಲೇ ಇತ್ತು. ತೆಗೆದುಬಿಡಿ ಎಂದು ಬಹಳ ಜನ ನಯವಾಗಿ ಹೇಳಿ ನೋಡಿದರು. ಅವರು ತೆಗೆಯಲಿಲ್ಲ. ಪಾಳಿ ಬಂದಾಗ ಮೈಕಿನ ಮುಂದೆ ನಿಂತು, ಆ ಗರಗಸದ ಸ್ವರದಲ್ಲೇ ಚರಣ ಮುಗಿಸುತ್ತಿದ್ದರು. ಕೆಲವರು ತಲೆ ತಗ್ಗಿಸುತ್ತಿದ್ದರು, ಕೆಲವರು ಕೆಮ್ಮುತ್ತಿದ್ದರು. ಅಕ್ಕೋರು ಒಂದು ಅಕ್ಷರವನ್ನೂ ನುಂಗುತ್ತಿರಲಿಲ್ಲ.

ಆ ವರ್ಷ ಇಗರ್ಜಿಯ ಹಬ್ಬಕ್ಕೆ ಬಿಷಪ್ ಬರುವವರಿದ್ದರು. ಹಿಂದಿನ ದಿನ ಚೊಂಬಿನಿಂದ ನನ್ನ ನೀಲಿ ಗುಂಡಿ ಬಿತ್ತು. ಹಬ್ಬದ ಕಮಿಟಿಯ ಮುಖ್ಯಸ್ಥರು ಅಲ್ಲೇ ನಿಂತಿದ್ದರು. ಅವರು ಗುಂಡಿ ನೋಡಿದರು, ನನ್ನನ್ನು ನೋಡಿದರು, ಇನ್ನೊಂದು ಸಲ ಕುಲುಕಿ ಅಕ್ಕೋರೇ ಎಂದರು. ದೊಡ್ಡವರು ಬರುತ್ತಾರೆ, ನೋಡಲಿಕ್ಕೆ ಕೇಳಲಿಕ್ಕೆ ಚಂದ ಇರಬೇಕು, ಶಿರಸಿಯಿಂದ ಸಂಗೀತ ಕಲಿತವರೊಬ್ಬರನ್ನು ಕರೆಸುತ್ತೇನೆ ಎಂದೂ ಹೇಳಿದರು. ಕೇಳಲಿಕ್ಕೆ ಅಂದದ್ದು ಒಪ್ಪಬಹುದಿತ್ತು. ನೋಡಲಿಕ್ಕೆ ಅಂದದ್ದು ಯಾಕೆ ಎಂದು ನನ್ನ ಮೈಬಣ್ಣಕ್ಕೂ ನನ್ನ ಗುಂಗುರು ಕೂದಲಿಗೂ ಚೆನ್ನಾಗಿ ಗೊತ್ತಿತ್ತು.

"ಎರಡನೇ ಸಲ ಕುಲುಕೂದಿಲ್ಲ," ಎಂದರು ಅಕ್ಕೋರು.

ಹಾಗಾದರೆ ನಾಳೆ ನಿಮ್ಮ ಗುಂಪೇ ಬೇಡ ಎಂದರು ಮುಖ್ಯಸ್ಥರು. ಅಕ್ಕೋರು ಚೊಂಬನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಕಡೆ ತಿರುಗಿ, ಏಳಿ, ಹೊಲಕ್ಕೆ ಹೋಗೋಣ ಎಂದರು. ಎಲ್ಲರೂ ಎದ್ದರು. ನಾನು ಮಾತ್ರ ಏಳಲಿಲ್ಲ. ನನಗೋಸ್ಕರ ಯಾಕೆ ಜಗಳ, ನಾನೇ ಬಿಟ್ಟುಕೊಡುತ್ತೇನೆ ಎಂದೆ. ಅಕ್ಕೋರಿಗೆ ಎಂಥ ಸಿಟ್ಟು ಬಂತೆಂದರೆ, ಕುತ್ತಿಗೆಯ ಕಲೆ ಕೆಂಪಾಯಿತು.

"ಬಿಟ್ಟುಕೊಡಲಿಕ್ಕೆ ಅದು ನಿನ್ನ ಸ್ವತ್ತಲ್ಲ. ಪಾಳಿ ಅದು. ಬಂದದ್ದನ್ನು ಮಾಡು."

ಬಾಗಿಲಲ್ಲಿ ಫಾದರ್ ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಮೆತ್ತಗಿನ ಮನುಷ್ಯ. ಆದರೂ ಅವತ್ತು, ಯಾರ ಪಾಳಿಯೋ ಅವರೇ ಹಾಡಲಿ ಎಂದು ಹೇಳಿ ಒಳಗೆ ಹೋದರು.

ಮಾರನೇ ದಿನ ನಾನು ಹಾಡಿದೆ. ಜಗತ್ತೇನೂ ಮೈಮರೆಯಲಿಲ್ಲ. ಸ್ವರವನ್ನು ತೀರ ಮೇಲೆ ಹಿಡಿದಿದ್ದರಿಂದ ಎರಡನೇ ಚರಣದಲ್ಲಿ ಗಂಟಲು ಒಡೆಯಿತು. ಮುಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅಕ್ಕೋರು ಕೂತಲ್ಲಿಂದ ಎದ್ದು ನಿಂತು, ಅಂಗೈಯನ್ನು ಕೆಳಗೆ ಇಳಿಸಿ ತೋರಿಸಿದರು. ನಾನು ಅಲ್ಲಿಂದ, ನನ್ನ ಗಂಟಲಿಗೆ ಸಿಗುವ ಕಡೆಯಿಂದ ಹಿಡಿದೆ. ಕೊನೆಯ ತನಕ ಅವರು ಕೂರಲಿಲ್ಲ. ಆಮೇಲೆ ಒಂದು ಹೊಗಳಿಕೆಯೂ ಇಲ್ಲ, ಪಾಳಿ ಮುಗೀತು, ಶನಿವಾರ ಬಾ ಎಂದರು ಅಷ್ಟೆ. ಅವತ್ತಿನಿಂದ ನಾನು ಯಾವ ಮೈಕಿಗೂ, ಯಾವ ಮುಖಕ್ಕೂ ಹೆದರಿಲ್ಲ. ಅದು ಅವರು ಕೊಟ್ಟದ್ದು.

ಕಳೆದ ಮಳೆಗಾಲದ ಕೊನೆಗೆ ಅಕ್ಕೋರು ಹೋದರು. ಮಣ್ಣಿನ ದಿನ ಅದೇ ಮುಖ್ಯಸ್ಥರು ಬಂದು, ಶಿರಸಿಯಿಂದ ಒಳ್ಳೆಯ ಹಾಡುವವರನ್ನು ಕರೆಸಿದ್ದೇನೆ, ಅಕ್ಕೋರಿಗೆ ಗೌರವ ಆಗಬೇಕಲ್ಲ ಎಂದರು. ನಾನು ಚೊಂಬು ತಂದೆ. ಕುಲುಕುವ ಮುಂಚೆ ಮರದ ಮಣಿ ತೆಗೆದಿಡು ಎಂದು ಗುಂಪಿನವರೇ ಪಿಸುಗುಟ್ಟಿದರು. ಅಕ್ಕೋರೇ ತೆಗೆಯದ್ದನ್ನು ತೆಗೆಯಲು ನಾನು ಯಾರು? ಶವಪೆಟ್ಟಿಗೆಯ ಪಕ್ಕದಲ್ಲೇ ನಿಂತು ಕುಲುಕಿದೆ. ಮರದ ಮಣಿ ಬಿತ್ತು.

ಮುಖ್ಯಸ್ಥರು ಹತ್ತಿರ ಬಂದು, ಈಗಾದರೂ ಇನ್ನೊಂದು ಸಲ ಕುಲುಕು ಎಂದರು. ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ನಾನು ಎರಡನೇ ಸಲ ಕುಲುಕುವುದಿಲ್ಲ ಎಂದೆ. ಮಣಿಯನ್ನು ಪೆಟ್ಟಿಗೆಯ ಮೇಲಿಟ್ಟೆ.

ಮೊದಲ ವಾಚನ ಮುಗಿಯಿತು. ನಾನು ಖಾಲಿ ಮೈಕನ್ನು ಪೆಟ್ಟಿಗೆಯ ಕಡೆ ತಿರುಗಿಸಿ ಹಿಂದೆ ಸರಿದೆ. ಒಂದು ಚರಣಕ್ಕೆ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟೂ ಹೊತ್ತು ಇಗರ್ಜಿಯಲ್ಲಿ ಫ್ಯಾನು ತಿರುಗುವ ಸದ್ದು ಬಿಟ್ಟರೆ ಏನೂ ಇಲ್ಲ. ಶಿರಸಿಯಿಂದ ಬಂದವರು ಗಾಬರಿಯಿಂದ, ಯಾರು ಹಾಡುವುದು, ಶುರು ಮಾಡಲೇ ಎಂದು ನನ್ನನ್ನು ಕೇಳಿದರು.

"ಸ್ವಲ್ಪ ಸುಮ್ನಿರಿ," ಎಂದೆ. "ಅಕ್ಕೋರು ಹಾಡ್ತಿದ್ದಾರೆ."

ಚರಣ ಮುಗಿಯುವ ಹೊತ್ತಿಗೆ ನಾನು ಕೈ ಎತ್ತಿದೆ. ಇಡೀ ಇಗರ್ಜಿ ಪಲ್ಲವಿ ಹೇಳಿತು.