ಕೆತ್ತಿಗೆ ಬಂದ ಕೊಚ್ಚಿಯ ಅತಿಥಿ

ಊಟಿ ಬಳಿಯ ಕೆತ್ತಿಯ ಮಿಷನ್ ಶಾಲೆಗೆ ಮಾಸ್ತರನಾಗಿ ಬಂದ ಮೊದಲ ವಾರವೇ ಒಬ್ಬ ವಿದ್ಯಾರ್ಥಿನಿ ನನ್ನೆದುರು ತಲೆ ಬಗ್ಗಿಸಿ ನಿಂತುಬಿಟ್ಟಳು. ತಲೆಸುತ್ತು ಬಂದಿರಬೇಕೆಂದು ನೀರಿಗೆ ಓಡಿದೆ. "ನೀರು ಬೇಡ ಅಯ್ಯ, ಮಂಡೆ ಮೇಲೆ ಕೈ ಮಡಗಿ" ಎಂದು ಅವಳ ಗೆಳತಿ ನಕ್ಕಳು. ಈ ಬೆಟ್ಟದ ಬಡಗರಲ್ಲಿ ಕಿರಿಯರು ತಲೆ ಬಾಗಿಸಬೇಕು, ಹಿರಿಯರು ಮುಟ್ಟಿ ಹರಸಬೇಕು. ಮೈಸೂರಿನ ನಮ್ಮ ಮನೆಯಲ್ಲಾದರೆ ಕಾಲಿಗೆರಗಿದವರಿಗೆ ದೂರದಿಂದಲೇ ಕೈಯೆತ್ತಿದರಾಯಿತು.

ಬರಬರುತ್ತ ಚಳಿಗೆ ಒಗ್ಗಿದೆ, 'ಉದಕ'ವೆಂಬ ಅವರೆಕಾಳಿನ ಸಾರಿಗೂ ಒಗ್ಗಿದೆ. ಯಹೂದಿ ಚರಿತ್ರೆಗೆ ಮಾತ್ರ ಒಗ್ಗಲಿಲ್ಲ. ಅದನ್ನು ಕಲಿಸುತ್ತಿದ್ದ ಪಾದ್ರಿ ಸ್ವದೇಶಕ್ಕೆ ಹೋದಾಗ ಆ ತರಗತಿ ನನ್ನ ಕೊರಳಿಗೆ ಬಿತ್ತು. ಒಬ್ಬ ಯಹೂದಿಯನ್ನೂ ಕಾಣದವನು ಅವರ ಅಲೆದಾಟವನ್ನೆಲ್ಲ ಪುಸ್ತಕ ನೋಡಿ ಒಪ್ಪಿಸುತ್ತಿದ್ದೆ. ಕೊನೆಗೆ ನಾಚಿಕೆಯಾಗಿ, ಹವೆ ಬದಲಾವಣೆಗೆಂದು ಊಟಿಗೆ ಬಂದಿದ್ದ ಕೊಚ್ಚಿಯ ಯಹೂದಿ ಲೇಖಕರೊಬ್ಬರನ್ನು ಮಾತಾಡಲು ಕರೆದೆ.

ಅವರ ಮಕ್ಕಳು, ಮೊಮ್ಮಕ್ಕಳು ಇಸ್ರೇಲಿಗೆ ಹೋಗಿಯಾಗಿತ್ತು. ತಮ್ಮವರ ಕತೆ ಬರೆದು ಮುಗಿಸಬೇಕೆಂದು ಇವರೊಬ್ಬರು ಉಳಿದಿದ್ದರು. "ಮನೆಯವರ ವಿಚಾರ ಯಾರೂ ಕೇಳಕೂಡದು" ಎಂದು ತರಗತಿಗೆ ತಾಕೀತು ಮಾಡಿದೆ. ತಿನ್ನಲು ಕೊಡುವುದರಲ್ಲಿ ಅವರಿಗೆ ಯಾವುದು ಮಡಿ, ಯಾವುದು ಮೈಲಿಗೆ ಎಂದು ಚಿಂತಿಸಿ ಚಿಂತಿಸಿ ಬಾಳೆಹಣ್ಣಿಗೆ ಬಂದು ನಿಂತೆ.

ಮುದುಕರು ಕೊಚ್ಚಿಯ ಬೀದಿ, ಮೆಣಸಿನ ವಾಸನೆ, ಬೀಗ ಬಿದ್ದ ಮನೆಗಳ ಬಗ್ಗೆ ಮಲಯಾಳ ಬೆರೆತ ತಮಿಳಿನಲ್ಲಿ ಹೇಳಿದರು. ಯಾರೂ ಏನೂ ಕೇಳಲಿಲ್ಲ. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಮಕ್ಕಳೆಲ್ಲ ಎದ್ದು ಅವರೆದುರು ತಲೆ ಬಾಗಿಸಿ ನಿಂತರು. ಇದೊಂದು ನನಗೆ ಹೊಳೆದೇ ಇರಲಿಲ್ಲ.

"ನೀವು ಹೇಳಿಕೊಟ್ಟಿರಾ?" ಎಂದರು ಮುದುಕರು, ನನ್ನತ್ತ ತಿರುಗಿ.

"ಇಲ್ಲ ಸ್ವಾಮಿ, ಇವರ ಪದ್ಧತಿಯೇ ಹೀಗೆ."

"ಇವತ್ತು ಶುಕ್ರವಾರ. ಶುಕ್ರವಾರ ಸಂಜೆ ನಮ್ಮ ಮನೆಗಳಲ್ಲೂ ಮಕ್ಕಳ ತಲೆ ಮೇಲೆ ಕೈಯಿಟ್ಟು ಹರಸ್ತೇವೆ. ಅವರು ಹೋದ ಮೇಲೆ ಈ ಕೈಗೆ ಕೆಲಸವೇ ಇಲ್ಲ."

ಒಬ್ಬೊಬ್ಬರ ತಲೆಯ ಮೇಲೂ ಎರಡು ಕೈಯಿಟ್ಟು ಹರಸುತ್ತ ಬಂದರು. ಕೊನೆಯ ಹುಡುಗಿಯ ಹೊತ್ತಿಗೆ ದನಿಯಿರಲಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು.

"ಇನ್ನೊಂದು ಸಲ ಬನ್ನಿ ಅಯ್ಯ" ಎಂದಳು ಅವಳು.

"ಇಲ್ಲ ಮಗಳೇ. ನಾನೂ ಮೊಮ್ಮಕ್ಕಳ ಹತ್ರ ಹೋಗ್ತೇನೆ."

"ಪುಸ್ತಕ?" ಎಂದೆ ನಾನು, ಗಾಬರಿಯಾಗಿ.

"ಪುಸ್ತಕ ತಲೆ ಬಾಗಿಸೋದಿಲ್ಲವಲ್ಲ ಮಾಸ್ತರೇ."

ಅವರನ್ನು ಬಸ್ಸಿಗೆ ಹತ್ತಿಸುವಾಗ ಮೈಸೂರಿನವನಂತೆ ಕಾಲಿಗೆ ಬಾಗಿದೆ. ಅವರು ಅರ್ಧದಲ್ಲೇ ತಡೆದರು. ಮನುಷ್ಯರ ಕಾಲಿಗೆರಗುವುದು ಅವರಲ್ಲಿ ಸಲ್ಲದಂತೆ. ಕಾಲನ್ನೂ ಮುಟ್ಟದೆ ನೆಟ್ಟಗೂ ನಿಲ್ಲದೆ ಇದ್ದ ನನ್ನ ಬೋಳುತಲೆಯ ಮೇಲೆ ಅವರ ಕೈ ಬಂದು ಕೂತಿತು. ಅಪ್ಪ ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಊರಿಗೆ ಯಾವಾಗ ವಾಪಸು ಎಂದು ಮೈಸೂರಿನಿಂದ ನೀವೆಲ್ಲ ಕಾಗದ ಬರೆದು ಕೇಳುತ್ತೀರಿ. ಉತ್ತರ ಬರೆಯಲು ಕೂತಾಗಲೆಲ್ಲ ಆ ಬಸ್ಸಿನ ಬಾಗಿಲಲ್ಲಿ ಅರ್ಧ ಬಾಗಿ ನಿಂತವನಂತಾಗುತ್ತೇನೆ.