ರೇಡಿಯೋ ಸುಮ್ಮನಾದದ್ದು

ಆ ಬೀದಿಯ ಕ್ಷೌರಿಕನನ್ನು ಎಲ್ಲರೂ ರೇಡಿಯೋ ಅಂತಲೇ ಕರೆಯುವುದು. ಗಿರಾಕಿಯ ಕೊರಳಿಗೆ ಬಟ್ಟೆ ಸುತ್ತಿದನೆಂದರೆ ಬಾಯಿ ಶುರು. ಕತ್ತರಿ ನಿಂತರೂ ಅದು ನಿಲ್ಲದು. ಒಂದು ವಿಷಯವನ್ನು ಮಾತ್ರ ಅವನು ಅಪ್ಪಿತಪ್ಪಿಯೂ ಎತ್ತುತ್ತಿರಲಿಲ್ಲ. ನಾಲ್ಕು ತುಂಬಿದ ಮಗಳು ಇನ್ನೂ ಒಂದು ಮಾತೂ ಆಡಿರಲಿಲ್ಲ. ನಡೆದದ್ದೂ ತಡವಾಗಿಯೇ. "ಅಪ್ಪನೇ ಎಲ್ಲಾ ಮಾತು ಮುಗಿಸಿಬಿಟ್ರೆ ಅವಳಿಗೇನು ಉಳಿಯುತ್ತೆ?" ಎಂದು ನೆಂಟರು ನಕ್ಕರೆ ಅವನೂ ನಗುತ್ತಿದ್ದ. ಆಮೇಲೆ ಥಟ್ಟನೆ ಬೇರೆ ಮಾತಿಗೆ ಜಾರುತ್ತಿದ್ದ.

ಒಮ್ಮೆ ಬಸ್ ಕಂಡಕ್ಟರೊಬ್ಬರು ಕುರ್ಚಿಯಲ್ಲಿ ಕೂತು, ಮೂಲೆಯಲ್ಲಿ ಬಾಚಣಿಗೆ ಜೋಡಿಸುತ್ತಿದ್ದ ಮಗುವನ್ನು ಕನ್ನಡಿಯಲ್ಲೇ ಬಹಳ ಹೊತ್ತು ನೋಡಿದರು. ಗಡ್ಡಕ್ಕೆ ನೊರೆ ಹಚ್ಚಿಸಿಕೊಳ್ಳುತ್ತಲೇ ಹೇಳಿದರು: "ನನ್ನ ಮಗನೂ ಹೀಗೇ ಇದ್ದ ಕಣಪ್ಪ. ದೊಡ್ಡಾಸ್ಪತ್ರೆ ಹಿಂದೆ ಮಕ್ಕಳ ಕೇಂದ್ರ ಇದೆ. ಮಾತು ಕಲಿಸ್ತಾರೆ, ಕೈಕಾಲಿಗೂ ಅಭ್ಯಾಸ ಮಾಡಿಸ್ತಾರೆ. ನಾಳೆ ನಂಗೆ ರಜಾ, ನಾನೇ ಕರ್ಕೊಂಡು ಹೋಗ್ತೀನಿ." ಮರುದಿನ ರೇಡಿಯೋ ಅಂಗಡಿ ಮುಚ್ಚಿ, ಮಗಳನ್ನೆತ್ತಿಕೊಂಡು ಅವರ ಜೊತೆ ಹೊರಟ.

ಕೇಂದ್ರದಲ್ಲಿ ಮಾತು ಕಲಿಸುವ ಮೇಡಂ ಚೆಂಡು ತೋರಿಸಿ, "ಏನು ಪುಟ್ಟಿ ಇದು?" ಎಂದರು. "ಚೆಂಡು!" ಎಂದ ಅಪ್ಪ. "ಬೇಕಾ?" ಎಂದರು. "ಬೇಕು ಮೇಡಂ, ಇವಳಿಗೆ ಚೆಂಡಂದ್ರೆ ಪ್ರಾಣ!" ಮೇಡಂ ನಕ್ಕೇಬಿಟ್ಟರು. "ಇವಳ ಬೆಳವಣಿಗೆ ನಿಧಾನ, ಅದು ನಿಮ್ಮ ತಪ್ಪಲ್ಲ. ಆದ್ರೆ ಕೇಳೋಕೆ ಮೊದಲೇ ಕೊಡಬೇಡಿ. ವಸ್ತು ಹಿಡ್ಕೊಂಡು, ಅವಳ ಮುಖ ನೋಡ್ತಾ ಸುಮ್ಮನೆ ಕಾಯಿರಿ."

ಸುಮ್ಮನೆ! ಉಪವಾಸ ಇರು ಎಂದಿದ್ದರೂ ಅವನಿಗೆ ಸಲೀಸಾಗುತ್ತಿತ್ತು.

ಮಗಳಿಗೆ ಅಂಗಡಿಯ ನೀರು ಚಿಮುಕಿಸುವ ಬಾಟಲಿಯೆಂದರೆ ಹುಚ್ಚು. ಅಂದಿನಿಂದ ಅವನು ಬಾಟಲಿ ಹಿಡಿದು, ತುಟಿ ಕಚ್ಚಿಕೊಂಡು ಕಾಯತೊಡಗಿದ. ಅವಳು ಸಿಟ್ಟಾಗುವಳು, ಅಳುವಳು. ಬಾಯಿಂದ ಏನಾದರೂ ಸದ್ದು ಹೊರಟರೆ ಸಾಕು, ಅಂಗೈಗೆ ಚಿಮುಕಿಸುವನು. "ರೇಡಿಯೋ ಕೆಟ್ಟೋಯ್ತೇನ್ರೋ?" ಎಂದ ಗಿರಾಕಿಗಳು ವಿಷಯ ತಿಳಿದ ಮೇಲೆ ತಾವೂ ಬಾಯಿಗೆ ಬೀಗ ಹಾಕಿಕೊಂಡರು. ವಾರವಾರ ಕೇಂದ್ರಕ್ಕೆ ಹೋಗುವುದು ತಪ್ಪಲಿಲ್ಲ. ಹೀಗೇ ತಿಂಗಳುಗಳು ಕಳೆದವು.

ಒಂದು ಬೆಳಿಗ್ಗೆ ಕಂಡಕ್ಟರ ಗಡ್ಡ ಅರ್ಧ ಮುಗಿದಿತ್ತು. ಮಗಳು ಬಂದು ಅಂಗೈ ಒಡ್ಡಿದಳು. ಅವನು ಬಾಟಲಿ ಹಿಡಿದು ನಿಂತ. ಅವಳು ಬಾಟಲಿ ನೋಡಿದಳು, ಅಪ್ಪನ ಮುಖ ನೋಡಿದಳು.

"ಕೊದು."

ಅವನು ಚಿಮುಕಿಸಿದ ರಭಸಕ್ಕೆ ಕಂಡಕ್ಟರ ಅಂಗಿಯೂ ತೊಯ್ದುಹೋಯಿತು. "ಏನಾದ್ರೂ ಮಾತಾಡಯ್ಯಾ!" ಎಂದು ಅವರು ಒದ್ದೆ ಕಣ್ಣಲ್ಲೇ ಗದರಿದರು. ನೀವು ಬರದೇ ಇದ್ದಿದ್ದರೆ ನನ್ನ ಮಗಳ ಗತಿಯೇನು ಎಂದು ರೇಡಿಯೋಗೆ ಹೇಳಬೇಕೆನಿಸಿತು. ನೊರೆ ಮೆತ್ತಿದ ಕೈಗಳನ್ನೇ ಜೋಡಿಸಿದ.

ಮಗಳು ಅವನ ಅಂಗಿ ಜಗ್ಗಿ, ಮತ್ತೆ ಅಂಗೈ ಒಡ್ಡಿದಳು. "ಅಪ್ಪ, ಕೊದು."